ಬಾನೆಟ್ಟಿನ ಕೆಳಗಿನ ಎರಡು ಕೊಕ್ಕೆಗಳು



"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸಣ್ಣ ವಿಷಯವೆಂದು ಕಡೆಗಣಿಸಿದ್ದು ಎಷ್ಟು ದೊಡ್ಡ ನಷ್ಟ ತರಬಹುದು ಎಂಬುದಕ್ಕೆ ಈ ಮಾತು. ಕಾರು ಇಟ್ಟುಕೊಂಡವರಿಗೂ ಇದು ಚೆನ್ನಾಗಿ ಅನ್ವಯಿಸುತ್ತದೆ. ನಾವು ಇಂಜಿನ್, ಬ್ರೇಕ್, ಟೈರು, ಏಸಿ ಎಲ್ಲವನ್ನೂ ನೋಡಿಸುತ್ತೇವೆ. ಆದರೆ ಬಾನೆಟ್ಟನ್ನು ಹಿಡಿದಿಡುವ ಅಂಗೈಯಗಲದ ಲಾಕಿನ ಕಡೆಗೆ ಯಾರೂ ಕಣ್ಣು ಹಾಯಿಸುವುದಿಲ್ಲ. ನಾನೂ ಹಾಯಿಸಿರಲಿಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುವ ನನಗೆ ಯಂತ್ರಗಳ ವಿಷಯ ಅಷ್ಟಕ್ಕಷ್ಟೆ. ಹಾಗಿದ್ದೂ ಈ ಲೇಖನ ಬರೆಯಲು ಒಂದು ಕಾರಣವಿದೆ.

ನಿಜ್ವಾ ದಾರಿಯಲ್ಲಿ

ನಮ್ಮದು ಇಪ್ಪತ್ತು ವರ್ಷ ದಾಟಿದ ಹಳೆಯ ಕಾರು. ಮಸ್ಕತ್ತಿಗೆ ಬಂದ ಹೊಸತರಲ್ಲಿ ಕೊಂಡದ್ದು; ಮನೆಯವರಿಗೆಲ್ಲ ಅದರ ಮೇಲೆ ಮಮತೆ. ಕೆಲವು ತಿಂಗಳಿಂದ ಅದರ ಬಾನೆಟ್ಟು ಮೊಂಡಾಟ ಮಾಡುತ್ತಿತ್ತು. ಒಳಗಿನ ಲಿವರನ್ನು ಎಳೆದರೆ ಮೊದಲಿನಂತೆ "ಟಕ್" ಎಂದು ಮೇಲೇಳುತ್ತಿರಲಿಲ್ಲ. ಎರಡು ಮೂರು ಸಲ ಜಗ್ಗಬೇಕು, ಮೇಲೆ ಗುದ್ದಬೇಕು. ಒಂದು ದಿನ ಡಬ್ಬಿಯಲ್ಲಿ ಉಳಿದಿದ್ದ ಇಂಜಿನ್ ಆಯಿಲನ್ನು ಲಾಕಿನ ಮೇಲೆ ಧಾರಾಳವಾಗಿ ಸುರಿದೆ. ಎರಡು ದಿನ ಸುಲಭವಾಗಿ ತೆರೆಯಿತು. ಕೆಲಸ ಮುಗಿಯಿತೆಂದು ನಾನೂ ಸುಮ್ಮನಾದೆ.

ಮುಂದಿನ ವಾರ ರಜೆಯಲ್ಲಿ ಸಂಸಾರ ಸಮೇತ ನಿಜ್ವಾ ಕೋಟೆ ನೋಡಲು ಹೊರಟೆವು. ಮಸ್ಕತ್ತಿನಿಂದ ಸುಮಾರು 160 ಕಿಲೋಮೀಟರ್ ದಾರಿ. ಹೊರಡುವ ಮುಂಚೆ ವೈಪರಿನ ನೀರು ತುಂಬಿಸಿ ಬಾನೆಟ್ಟು ಮುಚ್ಚಿದೆ. ಸಮಾಯಿಲ್ ದಾಟಿ ಹಜರ್ ಬೆಟ್ಟಗಳ ನಡುವೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ ಮುಂದಿನ ಸೀಟಿನಲ್ಲಿದ್ದ ನನ್ನಾಕೆ, "ರೀ, ಬಾನೆಟ್ಟು ನಡುಗ್ತಾ ಇದೆ ನೋಡಿ" ಎಂದಳು. ನೋಡುತ್ತಿದ್ದಂತೆಯೇ ಅದು ಎರಡು ಬೆರಳಿನಷ್ಟು ಮೇಲೆದ್ದು ನಿಂತಿತು. ಎದೆ ಧಸಕ್ಕೆಂದಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು! ನಿಧಾನವಾಗಿ ವೇಗ ತಗ್ಗಿಸಿ ಬಲಬದಿಗೆ ಬಂದು ನಿಲ್ಲಿಸಿದೆ. ಕೆಳಗಿಳಿದು ನೋಡಿದರೆ ಬಾನೆಟ್ಟು ಒಂದು ಚಿಕ್ಕ ಕೊಕ್ಕೆಯ ಮೇಲೆ ಮಾತ್ರ ನಿಂತಿತ್ತು. ಆ ಕೊಕ್ಕೆಯೂ ಬಿಟ್ಟಿದ್ದರೆ ಬಾನೆಟ್ಟು ಹಾರಿ ಗಾಜಿಗೆ ಬಡಿದು ಮುಂದಿನ ದಾರಿಯೇ ಕಾಣುತ್ತಿರಲಿಲ್ಲ.

ನಾಲ್ಕೈದು ಸಲ ಒತ್ತಿದ ಮೇಲೆ ಲಾಕು ಹಿಡಿಯಿತು. ನಿಜ್ವಾ ಆಸೆ ಬಿಟ್ಟು ನಿಧಾನವಾಗಿ ಮನೆಗೆ ಮರಳಿದೆವು. ಮರುದಿನ ಹತ್ತನೇ ತರಗತಿಯ ಮಗಳನ್ನು ಕರೆದುಕೊಂಡು ವಾದಿ ಕಬೀರಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮಂಗಳೂರು ಕಡೆಯವರು. ಅಂದು ಅವರು ಕಲಿಸಿದ್ದು ಮತ್ತು ಆಮೇಲೆ ಓದಿ, ಕೈಯಾರೆ ಮಾಡಿ ತಿಳಿದುಕೊಂಡದ್ದು ಇಲ್ಲಿದೆ.

ಲಾಕು ಕೆಲಸ ಮಾಡುವ ಬಗೆ

ಬಾನೆಟ್ಟಿನ ಒಳಮೈಯಲ್ಲಿ ಮುಂದಿನ ಅಂಚಿಗೆ ದಪ್ಪ ಕಬ್ಬಿಣದ ಒಂದು ಬಳೆ ಇಳಿಬಿದ್ದಿರುತ್ತದೆ. ಅದರ ನೇರ ಕೆಳಗೆ, ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯಲ್ಲಿ, ಲಾಕು ಇರುತ್ತದೆ. ಲಾಕಿನೊಳಗೆ ಮುಖ್ಯವಾಗಿ ಎರಡು ಭಾಗಗಳು: ತಿರುಗುವ ಒಂದು ಕವೆ ಮತ್ತು ಅದನ್ನು ತಡೆದು ಹಿಡಿಯುವ ಒಂದು ಹಲ್ಲು. ಬಾನೆಟ್ಟು ಇಳಿದಾಗ ಬಳೆಯು ಕವೆಯನ್ನು ಒತ್ತಿ ತಿರುಗಿಸುತ್ತದೆ. ಕವೆ ಬಳೆಯನ್ನು ಅಪ್ಪಿಕೊಳ್ಳುತ್ತದೆ. ಆಗ ಸ್ಪ್ರಿಂಗಿನ ಬಲದಿಂದ ಹಲ್ಲು ಬಂದು ಕವೆಯ ಗಾಡಿಯಲ್ಲಿ ಕೂರುತ್ತದೆ. ನಮಗೆ ಕೇಳುವ "ಟಕ್" ಶಬ್ದ ಇದೇ.

ಒಳಗಿನ ಲಿವರನ್ನು ಎಳೆದಾಗ ಒಂದು ಕೇಬಲ್ಲು ಆ ಹಲ್ಲನ್ನು ಪಕ್ಕಕ್ಕೆ ಸರಿಸುತ್ತದೆ. ಕವೆ ಬಿಡಿಸಿಕೊಳ್ಳುತ್ತದೆ. ಬಾನೆಟ್ಟು ಸ್ವಲ್ಪ ಮೇಲೇಳುತ್ತದೆ. ಸೈಕಲ್ಲಿನ ಬ್ರೇಕಿನಲ್ಲಿರುವಂತೆ ಕೊಳವೆಯೊಳಗೆ ಜಾರುವ ತಂತಿ ಇದು. ಇದಕ್ಕೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಎಂಬ ಇಂಗ್ಲೆಂಡಿನ ಸಂಶೋಧಕರು 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಹಲ್ಲು ಸರಿದರೂ ಬಾನೆಟ್ಟು ಪೂರ್ತಿ ತೆರೆಯುವುದಿಲ್ಲ. ಎರಡನೆಯ ಕೊಕ್ಕೆ ಅದನ್ನು ತಡೆಯುತ್ತದೆ. ಸಂದಿನಲ್ಲಿ ಬೆರಳು ತೂರಿಸಿ ಅದನ್ನು ಸರಿಸಿದರೆ ಮಾತ್ರ ಬಾನೆಟ್ಟು ಏಳುತ್ತದೆ. ಇದೇ ಸುರಕ್ಷಾ ಕೊಕ್ಕೆ.

"ಅಂಕಲ್, ಒಂದು ಲಾಕು ಇರುವಾಗ ಎರಡನೆಯದು ಯಾಕೆ?" ಎಂದು ಮಗಳು ಕೇಳಿದಳು.

ಅವರು ನಕ್ಕು, "ನಿನ್ನೆ ನಿಮ್ಮನ್ನು ಉಳಿಸಿದ್ದು ಅದೇ ಅಲ್ವಾ ಮಗಾ! ಮೊದಲನೆಯದು ಕೈಕೊಟ್ಟ ದಿನಕ್ಕೆ ಅಂತಲೇ ಅದನ್ನು ಇಟ್ಟದ್ದು" ಎಂದರು.

ಈ ಎರಡನೆಯ ಕೊಕ್ಕೆಗೆ ಕಾನೂನಿನ ಬಲವೂ ಇದೆ. ಮುಂದಿನ ಅಂಚಿನಿಂದ ತೆರೆದುಕೊಂಡು ಚಾಲಕರ ನೋಟಕ್ಕೆ ಅಡ್ಡ ಬರುವ ಬಾನೆಟ್ಟುಗಳಿಗೆ ಎರಡನೆಯ ಹಿಡಿತ ಇರಲೇಬೇಕು ಎಂಬ ನಿಯಮ ಅಮೆರಿಕದಲ್ಲಿ 1969ರ ಜನವರಿ 1ರಿಂದ ಜಾರಿಗೆ ಬಂದಿತು.

ಬಾನೆಟ್ಟನ್ನು ಮೇಲೆತ್ತುವುದು ಯಾವುದು ಎಂಬ ಪ್ರಶ್ನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಬರಬಹುದು. ಮುಂದಿನ ಜಾಲರಿಯಿಂದ ನುಗ್ಗಿದ ಗಾಳಿ ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಬಾನೆಟ್ಟಿನ ಮುಂದಿನ ಅಂಚನ್ನು ದಾಟಿ ವೇಗವಾಗಿ ಹರಿಯುವ ಗಾಳಿಯಿಂದ ಅಲ್ಲಿ ಹೊರಗಿನ ಒತ್ತಡ ತಗ್ಗುತ್ತದೆ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ಗಂಟೆಗೆ 40 ಕಿಲೋಮೀಟರ್ ಇದ್ದ ವೇಗ 120ಕ್ಕೆ ಏರಿದರೆ ವೇಗ ಮೂರು ಪಟ್ಟು, ಬಲ ಒಂಬತ್ತು ಪಟ್ಟು. ಪೇಟೆಯೊಳಗೆ ಸುಮ್ಮನಿದ್ದ ಬಾನೆಟ್ಟು ಹೆದ್ದಾರಿಯಲ್ಲಿ ಎದ್ದು ನಿಂತದ್ದು ಇದರಿಂದಲೇ.

ಸಿಕ್ಕಿಕೊಳ್ಳುವುದಕ್ಕೆ ಕಾರಣ

ಮೆಕ್ಯಾನಿಕ್ ಲಾಕಿನೊಳಗೆ ಬೆರಳು ಆಡಿಸಿ ಕಪ್ಪು ಮಸಿಯನ್ನು ತೋರಿಸಿದರು. "ಎಂತ ಸಾರ್ ಇದು? ಆಯಿಲ್ ಹಾಕಿದ್ದು ತಪ್ಪಲ್ಲ. ಆದರೆ ಮೊದಲು ಮಣ್ಣು ತೆಗೀಬೇಕಲ್ಲ ಮಾರಾಯ್ರೆ!"

ನಾವಿರುವ ಊರಿನಲ್ಲಿ ಮರಳು ಮತ್ತು ಧೂಳು ವರ್ಷವಿಡೀ ಇದ್ದದ್ದೇ. ಲಾಕು ಇರುವುದು ಕಾರಿನ ಮೂಗಿನ ಮೇಲೆ. ಎದುರಿನಿಂದ ಬರುವ ಧೂಳೆಲ್ಲ ಅದರ ಮೇಲೆಯೇ. ಧೂಳಿನ ಮೇಲೆ ಎಣ್ಣೆ ಸುರಿದರೆ ಎರಡೂ ಕಲಸಿಕೊಂಡು ಹಿಟ್ಟಿನಂತಾಗುತ್ತದೆ. ಬಿಸಿಗೆ ಅದು ಒಣಗಿ ಗಟ್ಟಿಯಾಗುತ್ತದೆ. ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಜಿಡ್ಡು ಕಟ್ಟಿರುತ್ತದಲ್ಲ, ಹಾಗೆ. ಆಗ ಸ್ಪ್ರಿಂಗಿನ ಬಲಕ್ಕೆ ಹಲ್ಲು ಅಲುಗುವುದಿಲ್ಲ. ಮುಚ್ಚಿದ ಜಾಗದಲ್ಲೇ ಅಂಟಿಕೊಂಡರೆ ಬಾನೆಟ್ಟು ತೆರೆಯುವುದಿಲ್ಲ. ತೆರೆದ ಜಾಗದಲ್ಲಿ ಅಂಟಿಕೊಂಡರೆ ಮುಚ್ಚಿದಂತೆ ಕಂಡರೂ ಲಾಕು ಹಿಡಿದಿರುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ. ನಮಗೆ ಆದದ್ದೂ ಅದೇ.

ಕಡಲತೀರದ ಉಪ್ಪು ಬೆರೆತ ತೇವದ ಗಾಳಿಯಿಂದ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಕ್ಕು ಕೇಬಲ್ಲಿನ ಕೊಳವೆಯೊಳಗೂ ಸೇರುತ್ತದೆ. ಕೆಲವೊಮ್ಮೆ ಹಳೆಯ ಕೇಬಲ್ಲು ಹಿಗ್ಗಿ, ಲಿವರನ್ನು ಪೂರ್ತಿ ಎಳೆದರೂ ಹಲ್ಲು ಅರ್ಧ ಮಾತ್ರ ಸರಿಯುತ್ತದೆ.

ತೆರೆಯದ ಬಾನೆಟ್ಟನ್ನು ತೆರೆಯುವುದು

"ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ಗಾದೆ ಇಲ್ಲಿ ನೆನಪಿರಲಿ. ಲಿವರನ್ನು ಸಿಟ್ಟಿನಿಂದ ಜಗ್ಗಬೇಡಿ. ಹಳೆಯ ಪ್ಲಾಸ್ಟಿಕ್ಕು ಮುರಿಯುತ್ತದೆ, ಇಲ್ಲವೇ ಕೇಬಲ್ಲು ತುಂಡಾಗುತ್ತದೆ. ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಇದು ಇಬ್ಬರು ಸೇರಿ ಮಾಡುವ ಕೆಲಸ. ಕಾರನ್ನು ಸಮತಟ್ಟಾದ ನೆರಳಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ಆರಿಸಿ, ಕೀಲಿಕೈ ತೆಗೆಯಿರಿ. ಇಂಜಿನ್ ತಣ್ಣಗಾಗುವವರೆಗೆ ಕಾಯಿರಿ. ಬಳಿಕ ಒಬ್ಬರು ಒಳಗೆ ಕುಳಿತು ಲಿವರನ್ನು ಎಳೆದು ಹಿಡಿಯಬೇಕು. ಇನ್ನೊಬ್ಬರು ಲಾಕು ಇರುವ ಜಾಗದ ಮೇಲೆ ಎರಡೂ ಅಂಗೈ ಚಪ್ಪಟೆಯಾಗಿಟ್ಟು ಕೆಳಕ್ಕೆ ಒತ್ತಿ ಬಿಡಬೇಕು. ಹೀಗೆ ಆರೇಳು ಸಲ ಮಾಡಿ. ಮುಷ್ಟಿಯಿಂದ ಗುದ್ದಿದರೆ ತಗಡು ತಗ್ಗಾಗುತ್ತದೆ.

ಒತ್ತಿದರೆ ಯಾಕೆ ತೆರೆಯುತ್ತದೆ? ಮಳೆಗಾಲದಲ್ಲಿ ಊರಿನ ಮನೆಯ ಬಾಗಿಲು ಉಬ್ಬಿಕೊಂಡಾಗ ಅಗುಳಿ ಸರಿಯುವುದಿಲ್ಲ. ಬಾಗಿಲನ್ನು ಭುಜದಿಂದ ಸ್ವಲ್ಪ ಒತ್ತಿ ಹಿಡಿದರೆ ಅಗುಳಿ ತಾನಾಗಿ ಜಾರುತ್ತದೆ. ಇಲ್ಲಿಯೂ ಅಷ್ಟೆ. ಬಾನೆಟ್ಟಿನ ಅಡಿಯ ರಬ್ಬರ್ ಬಿರಡೆಗಳು ಅದನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಅದರಿಂದ ಕವೆ ಹಲ್ಲಿನ ಮೇಲೆ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ಮೇಲಿನಿಂದ ಒತ್ತಿದಾಗ ಆ ಬಿಗಿ ಸಡಿಲವಾಗಿ ಹಲ್ಲು ಸರಿಯುತ್ತದೆ. ಅಂದು ಗ್ಯಾರೇಜಿನಲ್ಲಿ ಮಗಳು ಲಿವರ್ ಎಳೆದಳು, ಮೆಕ್ಯಾನಿಕ್ ಒತ್ತಿದರು. ಮೂರನೇ ಸಲಕ್ಕೆ ತೆರೆಯಿತು.

ಲಿವರನ್ನು ಎಳೆಯುವಾಗಿನ ಅನುಭವವೂ ಒಂದು ಸುಳಿವು. ಗಟ್ಟಿಯಾಗಿದ್ದರೆ ಲಾಕಿನಲ್ಲಿ ಜಿಡ್ಡು ಅಥವಾ ಕೇಬಲ್ಲಿನಲ್ಲಿ ತುಕ್ಕು ಇದೆ ಎಂದರ್ಥ. ಏನೂ ಹಿಡಿತವಿಲ್ಲದೆ ಸಡಿಲವಾಗಿ ಬಂದರೆ ಕೇಬಲ್ಲು ತುಂಡಾಗಿದೆ ಅಥವಾ ಅದರ ತುದಿ ಕಳಚಿಕೊಂಡಿದೆ. ಲಿವರಿನ ಬಳಿಯೇ ಕಳಚಿದ್ದರೆ ತಂತಿಯ ತುದಿಯನ್ನು ಇಕ್ಕಳದಿಂದ ಹಿಡಿದು ಎಳೆಯಬಹುದು. ಮುಂದೆಲ್ಲೋ ತುಂಡಾಗಿದ್ದರೆ ಜಾಲರಿಯ ಸಂದಿನಲ್ಲಿ ಕಬ್ಬಿಣದ ಸಲಾಕೆ ತೂರಿಸುವ ಸಾಹಸ ಬೇಡ. ರೇಡಿಯೇಟರ್ ತೂತಾದೀತು. ಬಲ್ಲವರಿಗೆ ಬಿಡುವುದೇ ಲೇಸು.

ಶುಚಿಗೊಳಿಸುವ ಕ್ರಮ

ಬೇಕಾಗುವ ಸಾಮಾನು ಕಡಿಮೆ: ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ, ಉದ್ದನೆಯ ಸ್ಕ್ರೂ ಡ್ರೈವರ್, ತುಕ್ಕು ಬಿಡಿಸುವ ಸ್ಪ್ರೇ, ಬಿಳಿ ಲಿಥಿಯಂ ಗ್ರೀಸ್.

1. ಬಾನೆಟ್ಟನ್ನು ಅದರ ಆಸರೆಯ ಸಲಾಕೆಯ ಮೇಲೆ ಭದ್ರವಾಗಿ ನಿಲ್ಲಿಸಿ. ರೇಡಿಯೇಟರಿನ ಫ್ಯಾನಿನ ಬಳಿ ಕೈ ಬೇಡ. ಇಂಜಿನ್ ಬಿಸಿಯಾಗಿದ್ದರೆ ಕೆಲವು ಕಾರುಗಳಲ್ಲಿ ಕೀಲಿಕೈ ತೆಗೆದ ಮೇಲೂ ಅದು ತಾನಾಗಿ ತಿರುಗಬಹುದು.

2. ಮೊದಲು ಒಣ ಬ್ರಷ್ಷಿನಿಂದ ಮರಳು, ಧೂಳನ್ನೆಲ್ಲ ಉದುರಿಸಿ. ನಾನು ಮಾಡದೆ ಬಿಟ್ಟದ್ದು ಈ ಹೆಜ್ಜೆಯನ್ನೇ.

3. ಕೆಳಗೆ ಬಟ್ಟೆ ಹಾಸಿ ಲಾಕಿನ ಕೀಲುಗಳಿಗೆ ಸ್ಪ್ರೇ ಹೊಡೆಯಿರಿ. ಹತ್ತು ಹದಿನೈದು ನಿಮಿಷ ಬಿಡಿ. ಬ್ರಷ್ಷಿನಿಂದ ತಿಕ್ಕಿ, ಸ್ಕ್ರೂ ಡ್ರೈವರಿನಿಂದ ಹಲ್ಲನ್ನೂ ಕವೆಯನ್ನೂ ಅತ್ತಿತ್ತ ಆಡಿಸಿ, ಬರುವ ಕಪ್ಪು ಕೊಳೆಯನ್ನು ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಇದನ್ನು ಮತ್ತೆ ಮತ್ತೆ ಮಾಡಿ.

4. ಪೂರ್ತಿ ಒಣಗಿದ ಮೇಲೆ ಕೀಲುಗಳಿಗೂ ಬಳೆಗೂ ಗ್ರೀಸನ್ನು ತೆಳುವಾಗಿ ಹಚ್ಚಿ. ಹೆಚ್ಚಾದದ್ದನ್ನು ಒರೆಸಿಬಿಡಿ, ಉಳಿದರೆ ಅದು ಮತ್ತೆ ಧೂಳನ್ನು ಕರೆಯುತ್ತದೆ.

5. ಕೇಬಲ್ಲಿನ ತುದಿ ಕೊಳವೆಯೊಳಗೆ ಹೋಗುವಲ್ಲಿ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು, ಲಿವರನ್ನು ಹತ್ತಾರು ಸಲ ಎಳೆದು ಬಿಡಿ. ಎಳೆಗಳು ಬಿಚ್ಚಿಕೊಂಡಿದ್ದರೆ ಕೇಬಲ್ಲನ್ನೇ ಬದಲಾಯಿಸಬೇಕು.

ಸ್ಪ್ರೇ ಹೊಡೆದ ಮೇಲೆ ಗ್ರೀಸ್ ಯಾಕೆ ಎಂದು ನಾನೂ ಕೇಳಿದ್ದೆ. ನಮಗೆಲ್ಲ ಪರಿಚಿತವಾದ ಡಬ್ಲ್ಯೂಡಿ-40 ಎಂಬ ಸ್ಪ್ರೇ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾಯಿತು. "ನೀರನ್ನು ಹೊರದೂಡುವ ನಲವತ್ತನೇ ಪ್ರಯತ್ನ" ಎಂಬುದು ಆ ಹೆಸರಿನ ಅರ್ಥ. ಇಂತಹ ತೆಳು ದ್ರವ ಸಂದುಗಳಿಗೆ ಇಳಿದು ಜಿಡ್ಡು, ತುಕ್ಕನ್ನು ಸಡಿಲಿಸುವುದರಲ್ಲಿ ನಿಪುಣ; ಬಹುಕಾಲ ಉಳಿಯುವುದು ಅದರ ಗುಣವಲ್ಲ. ಬಿಸಿಲಿಗೂ ತೇವಕ್ಕೂ ಜಗ್ಗದೆ ನಿಲ್ಲುವುದು ಗ್ರೀಸು. ಮನೆಯ ಅಡುಗೆ ಎಣ್ಣೆಯನ್ನಂತೂ ಹಾಕಲೇಬೇಡಿ. ಗಾಳಿ, ಬಿಸಿ ತಗಲಿ ಅದು ಅಂಟಾಗುತ್ತದೆ.

ಮುಚ್ಚುವ ಮುನ್ನ ಪರೀಕ್ಷೆ

ಶುಚಿಮಾಡಿದೆವೆಂದು ತಕ್ಷಣ ಬಾನೆಟ್ಟು ಮುಚ್ಚಬಾರದು. ಮೊದಲು ಸ್ಕ್ರೂ ಡ್ರೈವರಿನ ಕಂಬಿಯನ್ನು ಬಳೆಯ ಬದಲಿಗೆ ಬಳಸಿ ಕವೆಯೊಳಗೆ ಒತ್ತಿ. "ಟಕ್" ಎಂದು ಹಿಡಿಯಬೇಕು. ಬೆರಳು ದೂರವಿರಲಿ. ಈಗ ಒಳಗಿನವರು ಲಿವರ್ ಎಳೆದರೆ ಕವೆ ತಟ್ಟನೆ ಬಿಡಬೇಕು. ಹತ್ತು ಸಲ ಹಿಡಿದು ಹತ್ತು ಸಲ ಬಿಟ್ಟರೆ ಮಾತ್ರ ಪಾಸು. ನಮ್ಮ ಶಾಲೆಯಲ್ಲಿ ಕಡಿಮೆ ಅಂಕಕ್ಕೂ ಪಾಸು ಇರಬಹುದು, ಇಲ್ಲಿ ನೂರಕ್ಕೆ ನೂರು ಬೇಕು!

ಆಮೇಲೆ ಸುರಕ್ಷಾ ಕೊಕ್ಕೆ. ಬೆರಳಿನಿಂದ ಸರಿಸಿ ಬಿಡಿ. ಯಾರ ಸಹಾಯವೂ ಇಲ್ಲದೆ ಅದು ತನ್ನ ಜಾಗಕ್ಕೆ ಚಿಮ್ಮಿ ಮರಳಬೇಕು. ನಮ್ಮ ಕಾರಿನದು ಸರಿಸಿದಲ್ಲೇ ನಿಂತುಬಿಟ್ಟಿತು! ಮೆಕ್ಯಾನಿಕ್ ಏನೂ ಹೇಳದೆ ನನ್ನ ಮುಖ ನೋಡಿದರು. ಹಿಂದಿನ ದಿನ ಅದು ಹಿಡಿದದ್ದು ನಮ್ಮ ಪುಣ್ಯ. ಇನ್ನೊಂದು ದಿನವಾಗಿದ್ದರೆ ಹಿಡಿಯದೆಯೂ ಇರಬಹುದಿತ್ತು. ಮೊದಲನೆಯದು ಕೆಟ್ಟಿರುವುದು ನಮಗೆ ಗೊತ್ತಾಗುತ್ತದೆ, ಏಕೆಂದರೆ ಬಾನೆಟ್ಟು ತೆರೆಯುವುದಿಲ್ಲ. ಎರಡನೆಯದು ಕೆಟ್ಟಿರುವುದು ಪರೀಕ್ಷಿಸದೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಅದನ್ನೂ ಹೀಗೆಯೇ ಶುಚಿಮಾಡಿ. ಸ್ಪ್ರಿಂಗು ಸೋತಿದ್ದರೆ ಹೊಸದು ಹಾಕಿಸಿ. ತೆರೆಯಲು ತೊಂದರೆಯೆಂದು ಅದನ್ನು ಕಟ್ಟಿಹಾಕುವುದು, ಬಗ್ಗಿಸುವುದು ಸರ್ವಥಾ ಕೂಡದು.

ಎಲ್ಲ ಶುಚಿಯಾದ ಮೇಲೂ ಬಳೆ ಕವೆಯ ನಡುವೆ ಇಳಿಯದಿದ್ದರೆ ಲಾಕನ್ನು ಸ್ವಲ್ಪ ಸರಿಸಬೇಕಾಗುತ್ತದೆ. ಬೋಲ್ಟು ಸಡಿಲಿಸುವ ಮುಂಚೆ ಲಾಕಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಎಷ್ಟು ಸರಿಸಿದೆವು, ಮೊದಲು ಎಲ್ಲಿತ್ತು ಎಂಬುದು ಆಗ ತಿಳಿಯುತ್ತದೆ. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೇಕೆನಿಸಿದರೆ, ಅಥವಾ ಕಾರಿನ ಮುಂಭಾಗಕ್ಕೆ ಎಂದಾದರೂ ಪೆಟ್ಟು ಬಿದ್ದಿದ್ದರೆ, ಗ್ಯಾರೇಜಿಗೇ ಹೋಗಿ.

ಮುಚ್ಚುವುದಕ್ಕೂ ಒಂದು ರೀತಿಯಿದೆ. ನಮ್ಮ ಕಾರಿನಂತಹ ಬಹಳಷ್ಟು ಕಾರುಗಳಲ್ಲಿ ಒಂದು ಅಡಿಯಷ್ಟು ಎತ್ತರದಿಂದ ಬಾನೆಟ್ಟನ್ನು ಬಿಟ್ಟರೆ ಸಾಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಕ್ರಮವಿದ್ದರೆ ಅದನ್ನೇ ಅನುಸರಿಸಿ. ಬಳಿಕ ಮುಂದಿನ ಅಂಚನ್ನು ಹಿಡಿದು ಮೇಲಕ್ಕೆ ಎತ್ತಿ ನೋಡಿ. ಏಳಬಾರದು, ಅಲುಗಬಾರದು. ನೋಡಲು ಮುಚ್ಚಿದಂತಿದ್ದರೆ ಸಾಲದು.

ದಾರಿಯಲ್ಲಿ ಬಾನೆಟ್ಟು ಎದ್ದರೆ

ಹಠಾತ್ತನೆ ಬ್ರೇಕ್ ಒತ್ತಬೇಡಿ. ಹಿಂದಿನವರು ಬಂದು ಗುದ್ದಿಯಾರು. ಎಚ್ಚರಿಕೆಯ ದೀಪ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ರಮೇಣ ವೇಗ ತಗ್ಗಿಸಿ ರಸ್ತೆಯ ಅಂಚಿಗೆ ಬನ್ನಿ. ಪೂರ್ತಿ ಎದ್ದು ಗಾಜು ಮುಚ್ಚಿದರೆ ಬಾನೆಟ್ಟಿನ ಕೆಳಗಿನ ಸಂದಿನಿಂದ ಮತ್ತು ಪಕ್ಕದ ಕಿಟಕಿಯಿಂದ ದಾರಿ ನೋಡಿಕೊಳ್ಳಿ. ನಿಂತ ಮೇಲೆ ಮಕ್ಕಳನ್ನು ರಸ್ತೆಯ ಬದಿಗೆ ಇಳಿಸದೆ, ಅಪಾಯವಿಲ್ಲದ ಕಡೆ ಇರಿಸಿ ಮುಂದಿನ ಕೆಲಸ ನೋಡಿ.

ಕೊನೆಯ ಮಾತು

ಮಕ್ಕಳೇ, ಈ ಕೆಲಸವನ್ನು ನೀವೊಬ್ಬರೇ ಮಾಡಲು ಹೋಗಬೇಡಿ. ಆದರೆ ಅಪ್ಪ ಅಥವಾ ಅಮ್ಮ ಬಾನೆಟ್ಟು ತೆರೆದಾಗ ಪಕ್ಕದಲ್ಲಿ ನಿಲ್ಲಿ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ ಸನ್ನೆ, ಸ್ಪ್ರಿಂಗು, ಘರ್ಷಣೆ, ಗಾಳಿಯ ಒತ್ತಡ ಎಲ್ಲವೂ ಆ ಅಂಗೈಯಗಲದ ಜಾಗದಲ್ಲಿ ನಿಮಗೆ ಕಾಣಸಿಗುತ್ತವೆ. ರಸಾಯನಶಾಸ್ತ್ರದ ತುಕ್ಕು ಕೂಡ! ಕೈ ಕೆಸರಾದರೆ ಬಾಯಿ ಮೊಸರು ಎನ್ನುವಂತೆ, ಕೈ ಕಪ್ಪಾದರೆ ತಲೆಗೆ ಒಂದಿಷ್ಟು ತಿಳಿವು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಬೇಸಿಗೆಗೆ ಮುಂಚೆ ಒಮ್ಮೆ, ಬೇಸಿಗೆ ಕಳೆದ ಮೇಲೆ ಒಮ್ಮೆ, ಅರ್ಧ ಗಂಟೆ ಈ ಎರಡು ಕೊಕ್ಕೆಗಳಿಗೆ ಕೊಡಿ. ಮುಲ್ಕಿಯಾ ನವೀಕರಣಕ್ಕೆಂದು ಕಾರನ್ನು ತೊಳೆದು ಹೊಳಪಿಸುವಾಗಲಾದರೂ ಒಮ್ಮೆ ಬೆರಳಿನಿಂದ ಸುರಕ್ಷಾ ಕೊಕ್ಕೆಯನ್ನು ಸರಿಸಿ, ಅದು ಮರಳುತ್ತದೆಯೇ ನೋಡಿ.

ಮುಂದಿನ ತಿಂಗಳು ನಾವು ಮತ್ತೆ ನಿಜ್ವಾಕ್ಕೆ ಹೋದೆವು. ಹೊರಡುವ ಮುಂಚೆ ಮಗಳು ನನ್ನನ್ನು ಕೇಳದೆಯೇ ಮುಂದೆ ಹೋಗಿ ಬಾನೆಟ್ಟಿನ ಅಂಚನ್ನು ಎರಡೂ ಕೈಯಿಂದ ಎತ್ತಿ ನೋಡಿದಳು. ಅದು ಅಲುಗಲಿಲ್ಲ. "ಸರಿ ಅಪ್ಪಾ, ಹೊರಡೋಣ" ಎಂದಳು. ಕೋಟೆಯನ್ನೂ ಪೇಟೆಯನ್ನೂ ಕಣ್ತುಂಬ ನೋಡಿ, ಸಂಜೆಗೆ ಎಲ್ಲರೂ ಕ್ಷೇಮವಾಗಿ ಮನೆ ಸೇರಿದೆವು.